ಹೆಬ್ಬೆರಳ ಗುಳಿ

ತೂಕದ ಯಂತ್ರದ ತಗಡು ಅಂಗಾಲಿಗೆ ತಣ್ಣಗೆ, ನಸುಕಿನ ಬಾವಿಕಟ್ಟೆಯ ಕಲ್ಲಿನ ಹಾಗೆ, ಕಾಲ ಕೆಳಗೆ ಅಂಕಿಗಳು ನಡುಗುತ್ತವೆ, ಅರವತ್ತೆರಡು, ಅಲ್ಲ, ಅರವತ್ತೊಂದು — ಅಲ್ಲಾಡ್ಬೇಡಿ ಮೇಷ್ಟ್ರೇ, ಎನ್ನುತ್ತಾಳೆ ರೂಪಶ್ರೀ, ಹಂಪಾಪುರದ ಈ ಆರೋಗ್ಯ ಶಿಬಿರಕ್ಕೆ ಬಂದ ನರ್ಸು, ಗೋಡೆಗೆ ಬೆನ್ನು ಕೊಡಿ, ಎತ್ತರ ಬರ್ಕೋತೀನಿ — ಎತ್ತರದಿಂದಲೂ ಮುಪ್ಪು ಒಂದಿಷ್ಟು ಕದ್ದಿದೆ, ತೂಕವನ್ನು ಎತ್ತರದಿಂದ ಎರಡು ಬಾರಿ ಭಾಗಿಸುತ್ತಾರಂತೆ, ಬಿಎಂಐ, ಭಾಗಿಸಿದ ಮೇಲೆ ಶೇಷವಾಗಿ ಉಳಿಯುವವನು ಯಾರು ಎಂದು ಯಾರೂ ಕೇಳುವುದಿಲ್ಲ, ನನಗಿಂತ ಮೊದಲು ತೂಗಿಸಿಕೊಂಡ ಅಂಕಯ್ಯ ಕೆಂಪು ಕಾರ್ಡು ಬೀಸುತ್ತಾನೆ, ದಿನಾ ಗೊಬ್ಬರದ ಮೂಟೆ ಹೊರೋನ್ಗೆ ಬೊಜ್ಜಂತೆ ಕಣ್ ಮೇಷ್ಟ್ರೇ, ನಮ್ ಎಮ್ಮೆ ತಂದ್ ನಿಲ್ಸುದ್ರೆ ಅದ್ಕ್ಯಾವ್ ಬಣ್ಣ ಕೊಟ್ಟಾರು, ಎಲ್ಲರೂ ನಗುತ್ತಾರೆ, ನಾನೂ ತುಟಿ ಅಗಲಿಸುತ್ತೇನೆ, ನಿಮ್ದು ಇಪ್ಪತ್ತೆರಡು ಪಾಯಿಂಟ್ ಏಳು, ನಾರ್ಮಲ್ಲು, ಹಸಿರು ಮೇಷ್ಟ್ರೇ, ಹುಡುಗ್ರ ತರ ಇದ್ದೀರಿ, ರೂಪಶ್ರೀ ಕಾರ್ಡು ಚಾಚುತ್ತಾಳೆ — ಹಸಿರು, ಮೂರು ವರ್ಷದ ಹಿಂದೆ ನನ್ನ ಹೆಂಡತಿ ದೊಡ್ಡತಾಯಮ್ಮನ ಕಾರ್ಡೂ ಹಸಿರೇ, ತಿಂಗಳ ಮೇಲೆ ತಿಂಗಳು ಅದೇ ಸಂಖ್ಯೆ, ಲಯ ತಪ್ಪದ ಸಾಲೊಂದನ್ನು ಮೆಚ್ಚುವಂತೆ ನಾನದನ್ನು ಮೆಚ್ಚಿದೆ, ಅವಳ ಕೊರಳ ಮೂಳೆ ಎದ್ದುದನ್ನು ಕಾಣಲಿಲ್ಲ, ರವಿಕೆಯ ತೋಳು ಸಡಿಲವಾದುದನ್ನು ಕಾಣಲಿಲ್ಲ, ಪಾದ ಮಾತ್ರ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ, ಒಂದು ಮಧ್ಯಾಹ್ನ ಜಗಲಿಯಲ್ಲಿ ಹೊಗೆಸೊಪ್ಪು ವಿಂಗಡಿಸುತ್ತ ಕೂತವಳು ಸೀರೆ ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಊರಿದಳು, ನೋಡ್ರೀ ಇಲ್ಲಿ, ಅಮುಕುದ್ರೆ ಗುಳಿ ಬೀಳ್ತದೆ, ಏಳಾಕಿಲ್ಲ, ಯಾಕೋ ಸರಿಯಿಲ್ಲ ಕಣ್ರೀ — ಕಾರ್ಡು ನಾರ್ಮಲ್ ಅಂತಿದೆಯಲ್ಲೇ, ಸುಮ್ಮನಿರು, ಎಂದೆ, ತಲೆ ಎತ್ತದೆ ಕವನ ಸಂಕಲನದ ಪುಟ ತಿರುವಿದೆ, ಅವಳು ಸೀರೆ ಇಳಿಬಿಟ್ಟಳು, ಮತ್ತೆಂದೂ ತೋರಿಸಲಿಲ್ಲ, ಅದೇ ಜಗಲಿಯಲ್ಲಿ ಪ್ರತಿ ಹಂಗಾಮಿಗೂ ಕೂಲಿಯವರನ್ನು ಗದರುತ್ತಿದ್ದವಳು, ನೀರು ಚಿಮುಕ್ಸಿ ತೂಕ ಬರುಸ್ಬ್ಯಾಡ್ರಮ್ಮಾ, ನೀರಿನ್ ತೂಕ ಸೊಪ್ಪಿನ್ ತೂಕ ಅಲ್ಲ, ಒಳ್ಗೊಳ್ಗೇ ಕೊಳೀತದೆ — ತಕ್ಕಡಿ ಸುಳ್ಳು ಹೇಳಬಲ್ಲದೆಂದು ಬಲ್ಲ ಮನೆ ನಮ್ಮದು, ಸೊಪ್ಪಿನ ವಿಷಯದಲ್ಲಿ ಬಲ್ಲೆವು, ಅವಳ ವಿಷಯದಲ್ಲಿ ನಾನು ತಕ್ಕಡಿಯನ್ನೇ ನಂಬಿದೆ, ಮಾಂಸ ಕರಗಿದಷ್ಟೂ ನೀರು ತುಂಬಿ ಆ ಸಂಖ್ಯೆಯನ್ನು ಕದಲದಂತೆ ಹಿಡಿದಿತ್ತು, ಹೃದಯ ಸೋತು ಬಹಳ ದಿನವಾಗಿದೆ, ಬೇಗ ಕರೆತರಬೇಕಿತ್ತು ಎಂದರು ಮೈಸೂರಿನ ಡಾಕ್ಟರು, ಸಂಕ್ರಾಂತಿಯ ಹೊತ್ತಿಗೆ ವಿಂಗಡಿಸದ ಸೊಪ್ಪು ಹಾಗೇ ಉಳಿದಿತ್ತು, ಅವಳಿರಲಿಲ್ಲ — ಬೆಂಚಿನ ಮೇಲೆ ಕೂತು ಕಾಲುಚೀಲ ಎಳೆಯುತ್ತೇನೆ, ವಾರದಿಂದ ಇದರ ಅಂಚು ಚರ್ಮದಲ್ಲಿ ಗೆರೆ ಕೊರೆಯುತ್ತದೆ, ಹೊಸದು, ಬಿಗಿ ಎಂದುಕೊಂಡಿದ್ದೆ, ಅಲ್ಲವೆನ್ನಲು ಮನೆಯಲ್ಲಿ ಯಾರೂ ಇಲ್ಲ, ನೋಡು ಎಂದು ತೋರಿಸಲೂ ಇಲ್ಲ, ರೂಪಶ್ರೀ, ಇಲ್ಲಿ ನೋಡಮ್ಮ ಸ್ವಲ್ಪ, ಧ್ವನಿ ಹೊರಬಂತೋ ಇಲ್ಲವೋ, ಮುಂದಿನೋರು ಬನ್ನಿ ಎನ್ನುತ್ತಿದ್ದಾಳೆ, ತೊಡೆಯ ಮೇಲೆ ಹಸಿರು ಕಾರ್ಡು, ಮೊಣಕಾಲ ಕೆಳಗೆ ಹೆಬ್ಬೆರಳು ಊರುತ್ತೇನೆ, ಎತ್ತುತ್ತೇನೆ — ಗುಳಿ, ಅವಳ ಗುಳಿ, ಈಗ ಏಳಬೇಕು, ಈಗ, ಏಳುತ್ತಿಲ್ಲ, ಗುಳಿ