ಕೇಳಬಾರದ ಮಾತು

“ಒಬ್ಬರೇನಾ?”

ಬಾಗಿಲಲ್ಲಿ ಮಂಡಿಯೂರಿ ಕೂತಿದ್ದ ಯಜಮಾನಿ ಕೇಳಿದಳು. ಕೇಳುತ್ತಲೇ ಅವಳ ಕಣ್ಣು ಮಸುಯೋಳ ಬೆನ್ನ ಹಿಂದಿನ ಬೀದಿಗೆ ಹೋಯಿತು. ಗಂಡನೋ ಗೆಳತಿಯೋ ಸ್ವಲ್ಪ ಹಿಂದೆ ಬರುತ್ತಿರಬಹುದು ಎಂಬ ಆಸೆ ಆ ನೋಟದಲ್ಲಿತ್ತು.

“ಹೌದ್ರೀ, ಒಬ್ಬಾಕಿನ. ಜೋಡಿಗೆ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?” ಮಸುಯೋ ಕೈಚೀಲವನ್ನು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಳು. “ಆಜೂಬಾಜೂ ಎರಡೂ ಛತ್ರದಾಗ ಕೇಳಿ ಬಂದೀನಿ. ಕೋಣಿ ಖಾಲಿ ಇಲ್ಲಂತ. ಬಾಗಲದಾಗ ನೋಡಿದ್ರ ಒಂದರ ಜೋಡು ಚಪ್ಪಲಿ ಇಲ್ಲ! ನೀವರ ಖರೇ ಹೇಳ್ರಿ.”

ಯಜಮಾನಿಯ ಕೆನ್ನೆ ಕೆಂಪಾಯಿತು. ಅವಳ ಹೆಸರು ಶಿಗೆನೋ. ನಲವತ್ತರ ಆಚೀಚಿನ ಸಣಕಲು ಹೆಂಗಸು. ಸಮುದ್ರದ ಕಡೆಯಿಂದ ಹಿಮ ಬೆರೆತ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಅವಳು ಒಮ್ಮೆ ಮಳೆಯನ್ನು ನೋಡಿದಳು, ಒಮ್ಮೆ ಚೀಲವನ್ನು ನೋಡಿದಳು. ಆಮೇಲೆ ಹಣೆ ಚಾಪೆಗೆ ತಾಗುವಷ್ಟು ಬಾಗಿ, “ಒಳಗೆ ಬನ್ನಿ,” ಎಂದಳು.

ಮಸುಯೋಳದು ಒಸಾಕಾದ ಸಂತೆಗಲ್ಲಿಯಲ್ಲಿ ಉಪ್ಪಿನಕಾಯಿ ಅಂಗಡಿ. ಐವತ್ತಾರು ವರ್ಷ, ಗಟ್ಟಿ ದನಿ, ಗಟ್ಟಿ ಕಾಲು. ಪ್ರತಿ ವರ್ಷ ನವೆಂಬರಿನಲ್ಲಿ ಈ ಕರಾವಳಿಯ ಏಡಿ ಅವರ ಮನೆಗೂ ಬರುತ್ತಿತ್ತು. ಗಂಡನಿಗೆ, ಇಬ್ಬರು ಮಕ್ಕಳಿಗೆ, ಸೊಸೆಯರಿಗೆ, ಮೊಮ್ಮಕ್ಕಳಿಗೆ ಏಡಿಯ ಕಾಲು ಮುರಿದು ಮಾಂಸ ಬಿಡಿಸಿ ಕೊಡುವಷ್ಟರಲ್ಲಿ ಅವಳ ಪಾಲಿಗೆ ಉಳಿಯುತ್ತಿದ್ದುದು ಬೆರಳಿನ ವಾಸನೆ ಮಾತ್ರ. ಈ ಸಲ ಅವಳು ಅಂಗಡಿಯ ಬೀಗದ ಕೈಯನ್ನು ಗಂಡನ ಮುಂದಿಟ್ಟು, “ಏಡಿ ತಿಂದು ಬರ್ತೀನಿ,” ಎಂದಿದ್ದಳು. “ಯಾರ ಜೋಡಿ?” ಎಂದು ಅವನು ಪತ್ರಿಕೆಯಿಂದ ತಲೆ ಎತ್ತದೆ ಕೇಳಿದ್ದ. “ಏಡಿ ಜೋಡಿ.”

ಛತ್ರದವರ ಮರ್ಯಾದೆ ಕಂಡು ಮಸುಯೋ ಬೆರಗಾದಳು. ಮಾಳಿಗೆಯಲ್ಲಿ ಸಮುದ್ರ ಕಾಣುವ ಕೋಣೆ ಕೇಳಿದರೆ, “ಅಲ್ಲಿ ಗಾಳಿ ಜಾಸ್ತಿ, ನಿಮಗೆ ಶೀತ ಆಗುತ್ತೆ,” ಎಂದು ಅಡುಗೆಮನೆಯ ಪಕ್ಕದ ಬೆಚ್ಚನೆಯ ಕೋಣೆ ಕೊಟ್ಟರು. ಕಿಟಕಿ ತೆರೆದರೆ ಗುಡ್ಡದ ಮಣ್ಣು. ಇರಲಿ, ಕಾಳಜಿ ಅಂದರೆ ಇದು, ಎಂದುಕೊಂಡಳು. ತಂದಿದ್ದ ಸೇಬು ಹಣ್ಣು ಹೆಚ್ಚಲು ಚಾಕು ಕೇಳಿದಳು. ಕೆಲಸದ ಫುಸಾ ಹಣ್ಣನ್ನೇ ಒಳಗೆ ಒಯ್ದು, ಸಿಪ್ಪೆ ತೆಗೆದು, ಹೋಳು ಮಾಡಿ, ಒಂದೊಂದಕ್ಕೂ ಕಡ್ಡಿ ಚುಚ್ಚಿ ತಂದಿಟ್ಟಳು.

“ಅಯ್ಯ, ಚಾಕು ಕೊಟ್ಟಿದ್ರ ನಾನ ಹೆಚ್ಚಿಕೊಳ್ತಿದ್ನೆಲ್ಲವಾ!”

“ಎಲ್ಲಾದ್ರೂ ಉಂಟಾ ಅಮ್ಮಾವ್ರೇ, ನಾವಿರೋದು ಯಾಕೆ?” ಮುದುಕಿ ಫುಸಾ ಬಾಗಿದಳು.

ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಾಗಲೂ ಬಾಗಿಲಾಚೆಯಿಂದ ಫುಸಾಳ ದನಿ ಬರುತ್ತಲೇ ಇತ್ತು. “ಅಮ್ಮಾವ್ರೇ, ನೀರು ಬಿಸಿ ಸಾಕಾ?” ಸ್ವಲ್ಪ ಹೊತ್ತಿಗೆ, “ಅಮ್ಮಾವ್ರೇ, ಟವೆಲು ಇದೆಯಾ?” ಇನ್ನೂ ಸ್ವಲ್ಪ ಹೊತ್ತಿಗೆ, “ಅಮ್ಮಾವ್ರೇ?” ಅಷ್ಟೇ. ಮಸುಯೋ ಒಮ್ಮೆ ಬೇಕೆಂದೇ ಸುಮ್ಮನಿದ್ದಳು. ಬಾಗಿಲು ಧಡಕ್ಕನೆ ತೆರೆದುಕೊಂಡಿತು. ಅವಳು ನಗುತ್ತ ನೀರೆರಚಿದಾಗ ಫುಸಾ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು.

ಒಸಾಕಾದಲ್ಲಾದರೆ ಬಸ್ಸಿನಲ್ಲಿ ಪಕ್ಕ ಕೂತವಳು ನಿನ್ನ ಕೋಟಿನ ಬೆಲೆ, ಸೊಸೆಯ ಗುಣ, ಮಂಡಿನೋವು ಎಲ್ಲವನ್ನೂ ಇಳಿಯುವ ಮೊದಲೇ ಕೇಳಿ ಮುಗಿಸುತ್ತಾಳೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ, ಆದರೆ ಬಿಟ್ಟು ಹೋಗುವುದೂ ಇಲ್ಲ. ಊಟದ ಹೊತ್ತಿಗೆ ಶಿಗೆನೋ ತಾನೇ ಬಂದು ಬಾಗಿಲ ಬಳಿ ಮಂಡಿಯೂರಿದಳು. ಏಡಿ ಬಂತು, ಇಡೀ ಏಡಿ. ಮಸುಯೋ ಅಂಗಿಯ ತೋಳು ಮಡಿಸಿ ಏಡಿಯ ಕಾಲು ಮುರಿದಳು, ಹೀರಿದಳು, ಚಿಪ್ಪಿನೊಳಗೆ ಬಿಸಿ ಸಾಕೆ ಮದ್ಯ ಸುರಿದು ಕುಡಿದಳು. ಯಾರಿಗೂ ಒಂದು ಎಳೆಯನ್ನೂ ಬಿಡಿಸಿ ಕೊಡಲಿಲ್ಲ. ಅವಳು ಕಣ್ಣು ಮುಚ್ಚಿ, “ಇನ್ನ ಸತ್ರೂ ಚಿಂತಿಲ್ಲ,” ಎಂದಳು. ಶಿಗೆನೋ ಬಗ್ಗಿಸುತ್ತಿದ್ದ ಚಹಾ ಬಟ್ಟಲು ಮೀರಿ ಚಾಪೆಯ ಮೇಲೆ ಹರಿಯಿತು.

“ನಾಳೆ... ಎಲ್ಲಿಗೆ ಹೊರಟಿದ್ದೀರಿ?”

“ನಾಳಿನ ಮಾತು ಯಾರಿಗೆ ಗೊತ್ರೀ? ಊರ ಹೊರಗ ಸಮುದ್ರದ ದಂಡಿಗೆ ಒಂದು ಎತ್ತರದ ಬಂಡಿಗಲ್ಲು ಐತೆಲ್ಲ, ಅದನ್ನೊಂದು ನೋಡಬೇಕು.”

ಶಿಗೆನೋ ಒದ್ದೆಯನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಮರುದಿನ ಮಳೆ ನಿಂತಿತ್ತು. ಮಸುಯೋ ಒಂದು ಚಿಕ್ಕ ಚಾಪೆ, ನಾಲ್ಕು ಕಿತ್ತಳೆ ಹಿಡಿದು ಹೊರಟಳು. ಹಿಂದೆ ದೂರದಲ್ಲಿ ಫುಸಾ ಬುಟ್ಟಿ ಹಿಡಿದು ಬರುತ್ತಿದ್ದಳು, ಸೊಪ್ಪು ಕೊಯ್ಯಲಿಕ್ಕಿರಬೇಕು. ಬಂಡೆಯ ತುದಿಯಲ್ಲಿ ಮಸುಯೋ ಚಾಪೆ ಹಾಸಿದಳು. ಚಾಪೆಯ ಮೇಲೆ ಬೂಟು ಹಾಕಿಕೊಂಡು ಕೂರುವುದು ಅವಳಿಂದಾಗದ ಕೆಲಸ. ಬಿಚ್ಚಿ, ಎರಡನ್ನೂ ಜೋಡಿಸಿ ಬದಿಗಿಟ್ಟಳು. ಕೂತು ಒಂದು ಹಣ್ಣು ಸುಲಿಯುವಷ್ಟರಲ್ಲಿ ಗಾಳಿ ಬೀಸತೊಡಗಿತು. ಕೆಳಗೆ ಕೈಗೆಟುಕುವಷ್ಟರಲ್ಲೇ ಬಂಡೆ ಒಳಕ್ಕೆ ಸರಿದು ಗೂಡಿನಂತಾಗಿತ್ತು. ಹೇಗೂ ಅಲ್ಲಿ ಮತ್ತೆ ಬಿಚ್ಚಬೇಕಲ್ಲ ಎಂದು ಬೂಟನ್ನು ಮೇಲೆಯೇ ಬಿಟ್ಟು, ಚಾಪೆಯನ್ನು ಎಳೆದುಕೊಂಡು ಗೂಡಿಗೆ ಜಾರಿ ಕೂತಳು. ಗಾಳಿ ತಪ್ಪಿತು. ಮುಂದೆ ಸಮುದ್ರ ಕಪ್ಪಗೆ, ಅಗಾಧವಾಗಿ ಏಳುತ್ತಿತ್ತು. ಇದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲವಲ್ಲ, ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅವಳಿಗೆ ತನ್ನ ಮೇಲೆಯೇ ನಗು ಬಂತು.

ಆಗ ಮೇಲಿನಿಂದ ಚೀರಾಟ ಕೇಳಿತು. ಫುಸಾಳ ದನಿ. ಅದು ದೂರ ಓಡಿತು. ಗಾಳಿಗೆ ಬುಟ್ಟಿ ಹಾರಿರಬೇಕು ಎಂದುಕೊಂಡಳು ಮಸುಯೋ. ತುಸು ಹೊತ್ತಿಗೆ ದನಿ ಮತ್ತೆ ಓಡಿ ಬಂತು, ಈ ಸಲ ಜೊತೆಗೆ ಇನ್ನೊಂದು ಹೆಜ್ಜೆಯ ಸದ್ದಿತ್ತು. “ಅಮ್ಮಾವ್ರೇ! ಅಮ್ಮಾವ್ರೇ!”

ಕಿತ್ತಳೆಯ ತೊಳೆ ಬಾಯಲ್ಲಿಟ್ಟುಕೊಂಡೇ ಮಸುಯೋ ಬಂಡೆಯಂಚಿನಿಂದ ತಲೆ ಎತ್ತಿದಳು. “ಏನಾತ್ರೀ?”

ಅವಳ ಬೂಟಿನ ಮುಂದೆ ಶಿಗೆನೋ ಬಿದ್ದಂತೆ ಕೂತಿದ್ದಳು. ಬರಿ ಕಾಲುಚೀಲದಲ್ಲೇ ಓಡಿ ಬಂದಿದ್ದಳು. ಬಿಳಿಯ ಚೀಲ ಹರಿದು ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಮಸುಯೋ ಒಮ್ಮೆ ಆ ಕಾಲನ್ನು, ಒಮ್ಮೆ ತನ್ನ ಬೂಟನ್ನು ನೋಡಿದಳು. ಸೇಬಿನ ಹೋಳು, ಅಡುಗೆಮನೆಯ ಪಕ್ಕದ ಕೋಣೆ, ಬಾಗಿಲಾಚೆಯ ದನಿ, ಎಲ್ಲದರ ಅರ್ಥ ಆ ಕ್ಷಣ ಅವಳಿಗೆ ಹೊಳೆಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಾನು? ಅಯ್ಯ ನನ್ನವ್ವಾ! ಸಾಯಾಕ ಬಂದಾಕಿ ಹಂಗ ಏಡಿ ತಿಂತಾಳೇನ್ರೀ?”

“ಅವರೂ ತಿಂದ್ರು,” ಎಂದಳು ಶಿಗೆನೋ.

ಮಸುಯೋಳ ನಗು ನಿಂತಿತು.

“ಹೋದ ಚಳಿಗಾಲ. ಒಬ್ಬ ಹೆಂಗಸು, ಒಬ್ಬರೇ ಬಂದಿದ್ರು. ಊಟ ಪೂರ್ತಿ ಮಾಡಿದ್ರು, ತುಂಬ ರುಚಿಯಾಗಿತ್ತು ಅಂತ ಬಾಗಿದ್ರು. ಅವರ ಮುಖ ನೋಡಿ ನನಗೇನೋ ಅನ್ನಿಸ್ತು. ಮಾತು ಬಾಯಿವರೆಗೂ ಬಂತು. ಆದ್ರೆ ಅತಿಥೀನ ಹಾಗೆಲ್ಲ ಕೇಳೋಕಾಗುತ್ತಾ? ಮರ್ಯಾದೆ ಅಲ್ಲ. ಚಹಾ ಕೊಟ್ಟು ಹೊರಗೆ ಬಂದೆ.” ಅವಳು ಬೂಟಿನ ಕಡೆ ಕೈ ತೋರಿಸಿದಳು. “ಬೆಳಿಗ್ಗೆ ಇಲ್ಲೇ... ಚಪ್ಪಲಿ ಹೀಗೇ ಜೋಡಿಸಿಟ್ಟಿದ್ರು. ಅವರಿರಲಿಲ್ಲ.” ನಂತರ ತಟ್ಟನೆ ಬಂಡೆಗೆ ಹಣೆ ಹಚ್ಚಿದಳು. “ನಿಮ್ಮನ್ನ ಅನುಮಾನಿಸಿದೆ. ಕ್ಷಮಿಸಬೇಕು. ದೊಡ್ಡ ತಪ್ಪಾಯ್ತು.”

ಮಸುಯೋ ಮೇಲೆ ಹತ್ತಿ ಬಂದಳು. ಅವಳಿಗೆ ಬಾಗುವುದು ಗೊತ್ತಿತ್ತು, ಬಾಗಲಿಲ್ಲ. ಶಿಗೆನೋಳ ತೋಳು ಹಿಡಿದು ಎಬ್ಬಿಸಿ ಕೂರಿಸಿದಳು.

“ಕೇಳ್ರಿ ನನ್ನ.”

“ಏನು?”

“ಆಕಿನ್ನ ಏನು ಕೇಳಬೇಕಂತಿದ್ರಿ, ಅದನ್ನ. ನಿಮ್ಮೂರಾಗ ಮರ್ಯಾದಿ ಅಲ್ಲದಿದ್ರ ಬಿಡ್ರಿ. ನಾ ನಿಮ್ಮೂರಾಕಿ ಅಲ್ಲ. ಕೇಳ್ರಿ.”

ಶಿಗೆನೋ ಫುಸಾಳನ್ನು ನೋಡಿದಳು. ಮುದುಕಿ ಮುಖ ತಿರುಗಿಸಿ ಖಾಲಿ ಬುಟ್ಟಿಯೊಳಗೆ ಏನನ್ನೋ ಹುಡುಕತೊಡಗಿದಳು.

“ನೀವು...” ಶಿಗೆನೋಳ ದನಿ ಗಾಳಿಗೆ ಹಾರಿಹೋಗುವಷ್ಟಿತ್ತು. “ನೀವು ಸಾಯೋಕೆ ಬಂದ್ರಾ?”

“ಇಲ್ರೀ. ಏಡಿ ತಿನ್ನಾಕ ಬಂದೀನಿ.”

“ಸಾಯೋಕೆ ಬಂದ್ರಾ?” ಶಿಗೆನೋ ಮತ್ತೆ ಕೇಳಿದಳು, ಈ ಸಲ ಗಟ್ಟಿಯಾಗಿ, ಕೂಗಿದಂತೆ. ಅವಳ ಕಣ್ಣು ಮಸುಯೋಳ ಮೇಲಿರಲಿಲ್ಲ, ನೀರಿನ ಮೇಲಿತ್ತು. ಕೂಗು ಅಳುವಾಯಿತು. ಮಸುಯೋ ಹಿಡಿದ ತೋಳನ್ನು ಬಿಡಲಿಲ್ಲ. ಅಳು ಇಳಿಯುವವರೆಗೆ ಕಾದು, ಕರವಸ್ತ್ರ ಹರಿದು ಹೆಬ್ಬೆರಳಿಗೆ ಕಟ್ಟಿದಳು. ಫುಸಾ ತನ್ನ ಮರದ ಚಪ್ಪಲಿ ಬಿಚ್ಚಿ ಯಜಮಾನಿಯ ಮುಂದಿಟ್ಟಳು. ಮೂವರೂ ಒಂದೊಂದು ಕಿತ್ತಳೆ ತಿಂದು ಕೆಳಗಿಳಿದರು.

ಆ ದಿನ ಮಸುಯೋಳ ಚೀಲ ಮಾಳಿಗೆಗೆ ಹೋಯಿತು. ಬಿಸಿನೀರಿನ ಬಾಗಿಲಾಚೆ ಯಾರೂ ಕೂರಲಿಲ್ಲ. ಬದಲಿಗೆ ಶಿಗೆನೋ ಊಟ ಬಡಿಸುತ್ತ ಕೇಳತೊಡಗಿದಳು: ಮಕ್ಕಳೆಷ್ಟು, ಸೊಸೆಯರು ಹೇಗೆ, ಅಂಗಡಿ ನಡೆಯುತ್ತಾ, ಯಜಮಾನರು ಒಬ್ಬರೇ ಬೇಯಿಸಿಕೊಳ್ತಾರಾ. ಒಂದೊಂದು ಪ್ರಶ್ನೆಗೂ ಕಿವಿ ಕೆಂಪಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. “ಸಾಕ್ ಬಿಡ್ರಿ, ನೀವು ನಮ್ಮ ಸಂತಿಯವರನ್ನೂ ಮೀರಿಸ್ತೀರಿ,” ಎಂದು ಮಸುಯೋ ಕೊನೆಗೆ ಸೋತಳು.

ಮರುದಿನ ಬಸ್ಸು ಹತ್ತಿಸಲು ಇಬ್ಬರೂ ಬಂದರು. ಬಾಗಿದರು, ಮಸುಯೋ ಬಾಗಿದಳು, ಅವರು ಮತ್ತೆ ಬಾಗಿದರು. ಬಸ್ಸು ಹೊರಟಿತು, ಇಬ್ಬರ ಕೈಗಳೂ ಮೇಲಿದ್ದವು. ತಿರುವು ದಾಟಿದ ಮೇಲೆ ಅವಳು ಸೀಟಿಗೆ ಒರಗಿ ಕಾಲು ಚಾಚಿದಳು. ರಸ್ತೆ ಕೊಲ್ಲಿಯನ್ನು ಸುತ್ತು ಹಾಕಿ ಆಚೆ ದಡಕ್ಕೆ ಬಂದಾಗ ಹಿಮ ಬೀಳಲು ಶುರುವಾಗಿತ್ತು. ಕಿಟಕಿಯ ಹಬೆ ಒರೆಸಿದರೆ, ನೀರಿನಾಚೆ ಬಸ್ ನಿಲ್ದಾಣ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಅದರ ಮುಂದೆ ಈಗ ಒಂದೇ ಚುಕ್ಕೆ, ಶಿಗೆನೋಳೇ ಇರಬೇಕು. ಚುಕ್ಕೆಯ ಕೈ ಇನ್ನೂ ಆಡುತ್ತಿತ್ತು.

ಮಸುಯೋ ಕಿಟಕಿಯನ್ನು ಎರಡೂ ಕೈಯಿಂದ ಎಳೆದು ತೆರೆದು ಭುಜದವರೆಗೆ ಹೊರಗೆ ಬಾಗಿದಳು. “ಒಳಗ ಹೋಗ್ರೀ! ಥಂಡಿ ಹತ್ತೀತು!”

ಬಸ್ಸಿನವರೆಲ್ಲ ಏನೂ ಕೇಳಿಸದವರಂತೆ ತಮ್ಮ ತಮ್ಮ ಮಡಿಲು ನೋಡಿಕೊಂಡರು. ಹಿಮ ಒಳಗೆ ಬಂದು ಅವರ ಟೋಪಿಗಳ ಮೇಲೆ, ಗಂಟುಗಳ ಮೇಲೆ ಕೂತಿತು. ಕಿಟಕಿ ಮುಚ್ಚಿ ಎಂದು ಯಾರೂ ಹೇಳಲಿಲ್ಲ.