ನುಂಗಿದ ಮಿಲಿಮೀಟರು

ಲಿಬುಶೆ ಪ್ರತಿ ಗುರುವಾರ ನನ್ನ ಮನೆಗೆ ಬರುತ್ತಿದ್ದಳು. ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವಳು. ನಮ್ಮೂರು ಹ್ರಾನಿತ್ಸೆಯ ಕಾರ್ಖಾನೆ ಮುಚ್ಚಿದ ಮೇಲೆ ಬ್ರ್ನೊ ನಗರದಲ್ಲಿ ಅಳತೆ ಪರೀಕ್ಷಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದರ ಪ್ರವೇಶ ಪರೀಕ್ಷೆ ಪಾಸಾದರೆ ಅಲ್ಲೇ ಮನೆ ಮಾಡಬೇಕು. ನಾನು ನಿವೃತ್ತ ಲೆಕ್ಕದ ಮೇಷ್ಟ್ರು, ಅವಳಿಗೆ ಘಾತಾಂಕ ಕಲಿಸುತ್ತಿದ್ದೆ. ಅವಳು ಊರು ಬಿಡಲೆಂದು ನಾನೇ ಪಾಠ ಹೇಳಿಕೊಡುವುದು! ನನ್ನಂಥ ಪೆದ್ದ ಇನ್ನೊಬ್ಬನಿರಲಿಕ್ಕಿಲ್ಲ.

"ಕಿಲೋಮೀಟರ್ ಅಂದ್ರೆ?"

"ಹತ್ತರ ಘಾತ ಮೂರು ಮೀಟರ್. ಮಿಲಿಮೀಟರ್ ಅಂದ್ರೆ ಘಾತ ಮೈನಸ್ ಮೂರು. ಮೊದ್ಲು ಕೊಲಾಚ್ ತಿನ್ನಿ ಮೇಷ್ಟ್ರೇ, ಬೈಯೋಕೂ ಶಕ್ತಿ ಬೇಕಲ್ವಾ?"

ಗಸಗಸೆ ಹೂರಣದ ಆ ಸಿಹಿರೊಟ್ಟಿಗೆ ನಾನು ಬುಧವಾರದಿಂದಲೇ ಕಾಯುತ್ತಿದ್ದೆ. ರೊಟ್ಟಿಗೇ ಕಾಯುತ್ತಿದ್ದೇನೆಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ.

ಕೊನೆಯ ಗುರುವಾರ ಒಂದು ಪ್ರಶ್ನೆ ಕೊಟ್ಟೆ: ಸಲಾಕೆಯೊಂದು ಮಿಲಿಮೀಟರಿನ ನೂರನೇ ಮೂರು ಭಾಗದಷ್ಟು ದಪ್ಪ ಹೆಚ್ಚಿದೆ, ಮೀಟರಿನಲ್ಲಿ ಬರೆಯಿರಿ. ಲೇತ್‌ನವರು ಬರೀ "ನೂರನೇ ಮೂರು" ಎನ್ನುತ್ತಾರೆ, ಮಿಲಿಮೀಟರ್ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ಅವಳೂ ಅದನ್ನು ನುಂಗಿ, ಮೂರು ಗುಣಿಸು ಹತ್ತರ ಘಾತ ಮೈನಸ್ ಎರಡು ಎಂದು ಬರೆದಳು.

"ಸರಿ ಇದ್ಯಾ?"

ಕೆಂಪು ಪೆನ್ನು ಕೈಯಲ್ಲೇ ಇತ್ತು. "ಹೂಂ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಬೂಟಿನ ದಾರವನ್ನೂ ಕಟ್ಟದೆ ಸ್ಟೇಷನ್ನಿಗೆ ಓಡಿದೆ. ಪರೀಕ್ಷೆ ಬರೆಯಲು ಬ್ರ್ನೊಗೆ ಹೊರಟ ಅವಳು ಪೆಟ್ಟಿಗೆಯೊಂದಿಗೆ ನಿಂತಿದ್ದಳು.

"ನಿನ್ನೆಯ ಉತ್ತರ ತಪ್ಪು," ಏದುಸಿರು ಬಿಡುತ್ತಾ ಹೇಳಿದೆ. "ನೂರನೇ ಒಂದಕ್ಕೆ ಮೈನಸ್ ಎರಡು, ಮಿಲಿಮೀಟರಿಗೆ ಮೈನಸ್ ಮೂರು. ಕೂಡಿದ್ರೆ ಮೈನಸ್ ಐದು."

"ಅಯ್ಯೋ, ಮೂರು ಸೆಂಟಿಮೀಟರ್ ಮಾಡಿಟ್ಟಿದ್ನಾ! ನಮ್ಮ ಫೋರ್‌ಮನ್ ಆಗಿದ್ರೆ ಕತ್ತು ಹಿಡಿದು ಆಚೆ ದಬ್ತಿದ್ದ." ನಕ್ಕಳು. ಆಮೇಲೆ ನಗು ನಿಂತಿತು. "ನಿನ್ನೇನೇ ಕಂಡಿತ್ತಾ ನಿಮಗೆ?"

"ಕಂಡಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಫೇಲಾದ್ರೆ ಮತ್ತೆ ಗುರುವಾರ ಬರ್ತೀರಲ್ಲ ಅಂತ."

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ.

"ಮೂರು ತಿಂಗಳು ಬಂದೆ ಮೇಷ್ಟ್ರೇ. ಒಂದೇ ಒಂದ್ಸಲ ಹೋಗ್ಬೇಡ ಅಂದಿದ್ರೆ ಈ ಪರೀಕ್ಷೇನೇ ಬಿಟ್ಟುಬಿಡ್ತಿದ್ದೆ."

ರೈಲು ಬಂದು ನಿಂತಿತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನನ್ನೇ ನೋಡುತ್ತಾ ಕಾದಳು. ಆ ಒಂದು ಮಾತು ಹೇಳಲು ನನ್ನ ಎದೆಯೆಲ್ಲ ಹಾತೊರೆಯುತ್ತಿತ್ತು.

"ಮೈನಸ್ ಐದು," ಎಂದೆ. "ಮರೀಬೇಡಿ."