ಅರವತ್ತನೆಯ ಕುರ್ಚಿ

ನಮ್ಮ ರಾಜ್ಯದಲ್ಲಿ ಅಕ್ಟೋಬರಿನ ಮೊದಲ ಬುಧವಾರ ಶಾಲೆಯ ಮಕ್ಕಳನ್ನು ಎಣಿಸುತ್ತಾರೆ. ಅವತ್ತು ಕುರ್ಚಿಯಲ್ಲಿ ಎಷ್ಟು ಜನ ಕೂತಿದ್ದಾರೋ ಅಷ್ಟು ಜನಕ್ಕೆ ಸರ್ಕಾರದ ಹಣ. ಆದ್ದರಿಂದ ಅವತ್ತು ಪಿಜ್ಜಾ ಇರುತ್ತದೆ, ಚೀಟಿ ಎತ್ತಿ ಸೈಕಲ್ ಕೊಡುತ್ತಾರೆ, ಜ್ವರ ಬಂದ ಮಗುವನ್ನೂ ಕಂಬಳಿ ಸುತ್ತಿ ಕರೆತರುತ್ತಾರೆ. ಗುರುವಾರದಿಂದ ಆ ಮಗು ಏನಾಯಿತೆಂದು ರಾಜಧಾನಿಯಲ್ಲಿ ಯಾರೂ ಕೇಳುವುದಿಲ್ಲ.

ಈ ಸಲ ಎಣಿಕೆಗೆ ಎರಡು ದಿನ ಮೊದಲು, ನಾನು ಕೆಲಸ ಮಾಡುವ ಟೈರ್ ಅಂಗಡಿಗೆ ಪ್ರಿನ್ಸಿಪಾಲ್ ಪ್ರುಯಿಟ್ ಬಂದರು. ಮೂರು ವರ್ಷದ ಹಿಂದೆ ಇದೇ ಮನುಷ್ಯ ನನ್ನನ್ನು ಎದುರಿಗೆ ಕೂರಿಸಿಕೊಂಡು, ಶಾಲೆ ಎಲ್ಲರಿಗೂ ಹಿಡಿಸುವುದಿಲ್ಲ ಎಂದು ಮೆತ್ತಗೆ ಹೇಳಿ, ಬಿಡುವ ಕಾಗದಕ್ಕೆ ಅಮ್ಮನ ಸಹಿ ಹಾಕಿಸಿದ್ದರು. ಅದಕ್ಕೆ ತಿಂಗಳ ಮೊದಲು ಶಾಲೆಯ ಮೋಟಾರ್ ವರ್ಕ್‌ಶಾಪಿಗೆ ಬೀಗ ಬಿದ್ದಿತ್ತು. ನಾನು ಶಾಲೆಗೆ ಹೋಗುತ್ತಿದ್ದದ್ದೇ ಆ ಒಂದು ಕೋಣೆಗಾಗಿ. ಅದರ ಹಣಕ್ಕೆ ಕತ್ತರಿ ಹಾಕಿದವರು ರಾಜಧಾನಿಯಲ್ಲಿದ್ದರು. ಅದಕ್ಕೆ ಕೈಯೆತ್ತಿದವರಲ್ಲಿ ನಾವೇ ಆರಿಸಿ ಕಳಿಸಿದ ಶಾಸಕ ಸ್ಟ್ರೋಬೆಲ್ ಕೂಡ ಒಬ್ಬ.

ಪ್ರುಯಿಟ್ ತಂದ ಸುದ್ದಿ ಇಷ್ಟು. ಮೇಲಿನ ತರಗತಿಗಳಲ್ಲಿ ಈಗ ಐವತ್ತೊಂಬತ್ತು ಮಕ್ಕಳಿದ್ದಾರೆ. ಅರವತ್ತಿಲ್ಲದಿದ್ದರೆ ಅವನ್ನು ಮುಚ್ಚಿ, ಎಲ್ಲರನ್ನೂ ನಲವತ್ತು ಮೈಲಿ ಆಚೆಯ ಹಾಲೋವೆ ಊರಿಗೆ ಬಸ್ಸಿನಲ್ಲಿ ಕಳಿಸುವುದೆಂದು ಊರಿನ ಶಾಲಾ ಮಂಡಳಿ ತೀರ್ಮಾನಿಸಿದೆ. ನನಗಿನ್ನೂ ಹತ್ತೊಂಬತ್ತು, ಕಾನೂನಿನ ಪ್ರಕಾರ ಇವತ್ತೂ ವಿದ್ಯಾರ್ಥಿಯಾಗಬಹುದು. ಹೆಸರು ಬರೆಸಿ, ಬುಧವಾರ ಆರೂ ಪಾಠಗಳಲ್ಲಿ, ಕೊನೆಯ ಗಂಟೆ ಹೊಡೆಯುವವರೆಗೆ ಕೂರಬೇಕು.

"ಸ್ಕೂಲು ಎಲ್ರಿಗೂ ಹಿಡಿಸಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್," ಎಂದೆ.

ಅವರು ಟೈರುಗಳ ಕಡೆ ನೋಡುತ್ತಾ, "ಒಂದಿನ ಹಿಡಿಸ್ಲಿ ಕಣೋ ಡೆಲ್," ಎಂದರು.

ಒಪ್ಪಿದ್ದು ಅವರಿಗಾಗಿ ಅಲ್ಲ. ತಂಗಿ ಟೆಸ್ ಹತ್ತನೆಯ ತರಗತಿಯಲ್ಲಿದ್ದಾಳೆ. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ನಲವತ್ತು ಮೈಲಿ, ಹಿಮದಲ್ಲಿ, ದಿನಕ್ಕೆರಡು ಸಲ ಹೋಗಬೇಕೆಂದರೆ ಕ್ರಿಸ್‌ಮಸ್ಸಿನೊಳಗೆ ಶಾಲೆ ಬಿಟ್ಟುಬಿಡುತ್ತಾಳೆ. ಬಿಟ್ಟ ಮೇಲೆ ಏನು ಎಂಬುದು ನನಗೆ ಚೆನ್ನಾಗಿ ಗೊತ್ತು.

ಬುಧವಾರ ಕುರ್ಚಿಯ ಮುಂದಿನ ಡೆಸ್ಕಿನಡಿ ನನ್ನ ಮೊಣಕಾಲು ಹಿಡಿಸಲಿಲ್ಲ. ಅಂದು ನಾನು ನಪಾಸಾಗಿದ್ದ ಅದೇ ಬೀಜಗಣಿತವನ್ನು ಅದೇ ಮೇಷ್ಟ್ರು ಅದೇ ಬೋರ್ಡಿನ ಮೇಲೆ ಬರೆದರು. ಊಟದ ಹೊತ್ತಿಗೆ ಹುಡುಗರು ನನ್ನನ್ನು ಅಜ್ಜ ಎಂದು ಕರೆದು, ಹಲ್ಲಿಗೆ ಮೆತ್ತಗಿರಲೆಂದು ಪಿಜ್ಜಾದ ಗಟ್ಟಿ ಅಂಚು ಕಿತ್ತು ಉಳಿದದ್ದನ್ನು ಕೊಟ್ಟರು. ಟೆಸ್ ಪಕ್ಕದಲ್ಲೇ ಹಾದುಹೋದಳು. "ನಮ್ಮಣ್ಣ ಅಂತ ಯಾರಿಗೂ ಹೇಳ್ಬೇಡ," ಎಂದು ಪಿಸುಗುಟ್ಟಿದ್ದು ಮಾತ್ರ ಕೇಳಿಸಿತು.

ಐದನೆಯ ಪಾಠಕ್ಕೆ ಎಲ್ಲರನ್ನೂ ವ್ಯಾಯಾಮದ ಹಾಲಿಗೆ ಕರೆದರು. ಸ್ಟ್ರೋಬೆಲ್ ಬಂದಿದ್ದ, ಫೋಟೋದವನ ಜೊತೆ. ಕೈಯಲ್ಲಿ ಬಾಗಿಲಿನಷ್ಟು ಉದ್ದದ ರಟ್ಟಿನ ಚೆಕ್. ಶಾಲೆಗಳಿಗೆ ಈ ವರ್ಷದ ನೆರವು ಕೊಡುವ ಮಸೂದೆಗೂ ಅವನು ವಿರುದ್ಧವೇ ಮತ ಹಾಕಿದ್ದ; ಆ ಮತದಲ್ಲಿ ಸೋತ ಮೇಲೆ, ಗೆದ್ದವರು ಕೊಡಿಸಿದ ಹಣವನ್ನು ತಾನೇ ಹಂಚುತ್ತ ಹೊರಟಿದ್ದ. ಎತ್ತರವಿದ್ದೇನೆಂದು ಚೆಕ್ಕಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಮ್ಮ ಶಾಲೆಯ ಹೆಸರು ಅಂಟಿಸಿದ ಚೀಟಿ ಹೆಬ್ಬೆರಳಿಗೆ ಸಿಕ್ಕಿ ಸ್ವಲ್ಪ ಎದ್ದಿತು. ಅಡಿಯಲ್ಲಿ ಹಾಲೋವೆ ಶಾಲೆ ಎಂದಿತ್ತು.

ಬಿಟ್ಟವನು ತಾನಾಗಿ ಮರಳಿದ್ದಾನೆ ಎಂದು ಪ್ರುಯಿಟ್ ಪರಿಚಯಿಸಿದರು. ಸ್ಟ್ರೋಬೆಲ್‌ನ ಮುಖ ಅರಳಿತು.

"ಅಂಥಾದ್ದೇನಪ್ಪಾ ನಿನ್ನ ವಾಪಸ್ ಸ್ಕೂಲಿಗೆ ಕರ್ಕೊಂಡ್ ಬಂದಿದ್ದು?"

ಮೂರು ವರ್ಷದಿಂದ ಮಸೆದಿಟ್ಟ ಉತ್ತರ ನಾಲಗೆಯ ತುದಿಯಲ್ಲಿತ್ತು. ಬೀಗ ಬಿದ್ದ ವರ್ಕ್‌ಶಾಪಿನ ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ಆದರೆ ಗಡಿಯಾರದಲ್ಲಿ ಇನ್ನೂ ಒಂದು ಗಂಟೆ ಹತ್ತು ನಿಮಿಷ ಉಳಿದಿತ್ತು. ಅತಿಥಿಯ ಮುಂದೆ ನಾಲಗೆ ಹರಿಬಿಟ್ಟವನನ್ನು ಮನೆಗೆ ಕಳಿಸುವುದು ಶಾಲೆಯ ನಿಯಮ, ಕಳಿಸಿದರೆ ಐವತ್ತೊಂಬತ್ತು. ಕೊನೆಯ ಸಾಲಿನಲ್ಲಿ ಟೆಸ್ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

"ಪಿಜ್ಜಾ, ಸಾರ್," ಎಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಶಾಸಕರು. ನಾನು ಹೋಗಿ ಆರನೆಯ ಪಾಠಕ್ಕೆ ಕೂತೆ. ಗಂಟೆ ಹೊಡೆಯಿತು. ಅರವತ್ತು.

ನವೆಂಬರಿನ ಚುನಾವಣೆಗೆ ಮುಂಚೆ ಮನೆಮನೆಗೂ ಸ್ಟ್ರೋಬೆಲ್‌ನ ಪ್ರಚಾರದ ಹೊಳೆಯುವ ಕಾಗದವೊಂದು ಬಂತು. ನನ್ನ ಫೋಟೋ, ಕೆಳಗೆ "ಶಾಲೆ ಬಿಟ್ಟವರನ್ನು ಮರಳಿ ತಂದವರು". ಅವನು ಗೆದ್ದ. ವರ್ಕ್‌ಶಾಪಿನ ಬೀಗ ಹಾಗೇ ಇದೆ.

ನನ್ನ ಹೆಸರು ತೆಗೆಯುವುದನ್ನು ಮಾತ್ರ ಶಾಲೆಯವರು ಮರೆತಿದ್ದಾರೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಅಮ್ಮನಿಗೆ ಫೋನು ಬರುತ್ತದೆ: ನಿಮ್ಮ ಮಗು ಡೆಲ್ ಇಂದು ಗೈರುಹಾಜರು. ಧ್ವನಿ ಮುದ್ರಿಸಿಟ್ಟದ್ದು. ಆದರೂ ಅಮ್ಮ ಪೂರ್ತಿ ಕೇಳಿ, ಥ್ಯಾಂಕ್ಸ್ ಹೇಳಿಯೇ ಇಡುತ್ತಾಳೆ. ನಾನು ನಿಜವಾಗಿ ಶಾಲೆ ಬಿಟ್ಟ ವರ್ಷ ಒಂದು ಸಲವೂ ಫೋನು ಬಂದಿರಲಿಲ್ಲ.

ಟೆಸ್ ನಡೆದೇ ಶಾಲೆಗೆ ಹೋಗುತ್ತಾಳೆ. ಅಂಗಡಿಯ ಮುಂದೆ ಹಾಯುವಾಗ ತಲೆ ಒಳಗೆ ಹಾಕಿ, "ಗೈರುಹಾಜರು," ಎಂದು ನಗುತ್ತಾ ಹೇಳಿ ಹೋಗುತ್ತಾಳೆ.